ಮಿಲ್ಲಿನ ಕೆಮ್ಮಿನ ಮರೆಯಲ್ಲಿ: ಕೇದಾರದ ಎತ್ತರದಲ್ಲಿ ಉಸಿರು ಕೈಕೊಟ್ಟ ಒಂದು ಪ್ರಕರಣ

ಇಲ್ಲಿ ಬರುವ ವ್ಯಕ್ತಿಯ ಹೆಸರು, ಊರು, ಯಾತ್ರೆಯ ವರ್ಷ ಮತ್ತು ಗುರುತು ಹಿಡಿಯಬಹುದಾದ ಇತರ ವಿವರಗಳನ್ನು ಬಿಟ್ಟಿದ್ದೇನೆ, ಇಲ್ಲವೇ ಬದಲಿಸಿದ್ದೇನೆ. ಅವರದೂ ಅವರ ಸೋದರಳಿಯನದೂ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಈ ಪ್ರಕರಣದ ಮೊದಲ ತಪ್ಪು ನನ್ನ ಕೋಣೆಯಲ್ಲಿ, ನನ್ನ ಸಹಿಯಿಂದಲೇ ಆಯಿತು. ಆದ್ದರಿಂದ ಅಲ್ಲಿಂದಲೇ ಆರಂಭಿಸುವುದು ನ್ಯಾಯ.

ಹಿನ್ನೆಲೆ

ಕೊಪ್ಪಳ ಜಿಲ್ಲೆಯ ಗಂಗಾವತಿ, ಕಾರಟಗಿ ಭಾಗದ ಅಕ್ಕಿ ಗಿರಣಿಗಳಲ್ಲಿ ಸುಮಾರು 28 ವರ್ಷ ದುಡಿದ, 54 ವಯಸ್ಸಿನ ಒಬ್ಬರು, ಮುಂಗಾರಿನ ಭತ್ತ ಮಿಲ್ಲಿಗೆ ಬರುವ ಮುನ್ನ ಕೆಲಸ ಸಡಿಲವಿರುವ ಅಕ್ಟೋಬರಿನಲ್ಲಿ ಕೇದಾರನಾಥಕ್ಕೆ ಹೋಗಿಬರಲು ನಿಶ್ಚಯಿಸಿದ್ದರು. ನಮ್ಮ ಕಡೆಯ ವೀರಶೈವ ಮನೆಗಳಿಗೆ ಕೇದಾರ ದೂರದ ಊರಾದರೂ ಪರಸ್ಥಳವಲ್ಲ. ಪಂಚಪೀಠಗಳಲ್ಲಿ ಅದೂ ಒಂದು, ಅಲ್ಲಿನ ರಾವಲರು, ಅಂದರೆ ಪ್ರಧಾನ ಅರ್ಚಕರು, ಕರ್ನಾಟಕದ ಜಂಗಮ ಪರಂಪರೆಯಿಂದ ಬಂದವರು. ಪಕ್ಕದ ಉಜ್ಜಯಿನಿ ಪೀಠಕ್ಕೆ ವರ್ಷವರ್ಷವೂ ನಡೆದುಕೊಳ್ಳುವ ಈ ಯಾತ್ರಿಕರಿಗೆ ಜೀವಮಾನದಲ್ಲಿ ಒಮ್ಮೆ ಕೇದಾರವನ್ನು ಕಾಣಬೇಕೆಂಬ ಆಸೆ ತಂದೆಯ ಕಾಲದಿಂದ ಇತ್ತು. ಈ ಹಂಬಲದ ತೂಕವನ್ನು ಅರಿಯದೆ ಮುಂದೆ ನಡೆದುದನ್ನು ಅರ್ಥಮಾಡಿಕೊಳ್ಳಲಾಗದು.

ಅವರ ಜೊತೆ ಹದಿನಾಲ್ಕು ಮಂದಿ ಹೊರಟಿದ್ದರು. ತಂಡ ಕರೆದೊಯ್ಯುವವರು ವೈದ್ಯರ ಚೀಟಿ ತರಲು ಹೇಳಿದ್ದರಿಂದ ನನ್ನ ಬಳಿ ಬಂದರು. ರಕ್ತದೊತ್ತಡ ಸರಿಯಾಗಿತ್ತು, ಸಕ್ಕರೆ ಕಾಯಿಲೆ ಇರಲಿಲ್ಲ, ಇಸಿಜಿಯಲ್ಲಿ ದೋಷ ಕಾಣಲಿಲ್ಲ, ರಕ್ತದಲ್ಲಿ ಆಮ್ಲಜನಕ ಶೇಕಡಾ ಎಷ್ಟಿದೆಯೆಂದು ಹೇಳುವ ಆಕ್ಸಿಮೀಟರನ್ನು ಬೆರಳಿಗೆ ಹಾಕಿದಾಗ 95 ತೋರಿಸಿತು. ನಡೆಯಲು ತ್ರಾಣವಿದೆಯೇ ಎಂದು ಕೇಳಿದೆ. "ಹೋದ ಶನಿವಾರ ಅಂಜನಾದ್ರಿ ಹತ್ತಿ ಬಂದೀನ್ರಿ ಸಾಹೇಬ್ರ, ಎರಡ ಕಡೆ ಅಷ್ಟ ಕುಂತೆ" ಎಂದರು. ಆನೆಗೊಂದಿ ಬಳಿಯ ಅಂಜನಾದ್ರಿಗೆ 575 ಮೆಟ್ಟಿಲುಗಳಿವೆ. ಅಷ್ಟನ್ನು ಹತ್ತಿದವರ ಹೃದಯ ಗಟ್ಟಿಯಾಗಿದೆ ಎಂದು ನಾನೂ ಒಪ್ಪಿಕೊಂಡೆ, ಚೀಟಿಗೆ ಸಹಿ ಮಾಡಿದೆ.

ನಾನು ಕೇಳದೆ ಬಿಟ್ಟ ಪ್ರಶ್ನೆಗಳು ಎರಡು. ಕೆಮ್ಮು ಇದೆಯೇ ಎಂಬುದು ಮೊದಲನೆಯದು. ಅವರಿಗೆ ಹತ್ತು ವರ್ಷದಿಂದ ಬೆಳಗಿನ ಕೆಮ್ಮು ಇತ್ತು. ಭತ್ತ ಸುರಿಯುವ ಹಗೇವಿನ ಬಳಿಯ ದೂಳು, ಹೊಟ್ಟು, ತೌಡಿನ ಹುಡಿ, ಜೊತೆಗೆ ಆರು ವರ್ಷದ ಹಿಂದಿನವರೆಗೂ ಸೇದಿದ ಬೀಡಿ ಎಲ್ಲವೂ ಸೇರಿ ಬಂದ ಕೆಮ್ಮು ಅದು. ಮಿಲ್ಲಿನಲ್ಲಿ ಕೆಮ್ಮಿಲ್ಲದವರೇ ಇಲ್ಲವಾದ್ದರಿಂದ ಅದನ್ನು ಅವರು ಕಾಯಿಲೆ ಎಂದು ಎಣಿಸಿರಲಿಲ್ಲ, ಹೇಳಲೂ ಇಲ್ಲ. ಚೀಟಿ ಸಿಗಲಿಕ್ಕಿಲ್ಲವೆಂಬ ಅಳುಕೂ ಇತ್ತೆಂದು ಆಮೇಲೆ ಒಪ್ಪಿಕೊಂಡರು. ಎರಡನೆಯದು, ಎಷ್ಟು ದಿನದಲ್ಲಿ ಎಷ್ಟು ಎತ್ತರ ಏರುತ್ತೀರಿ ಎಂಬ ಪ್ರಶ್ನೆ. ಪ್ರಯಾಣದ ವೇಳಾಪಟ್ಟಿ ಅವರ ಜೇಬಿನಲ್ಲೇ ಇತ್ತು. ನಾನು ನೋಡಲು ಕೇಳಲಿಲ್ಲ.

ಎತ್ತರ ಏನು ಮಾಡುತ್ತದೆ

ಮೇಲೆ ಹೋದಂತೆ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆಯಾಗುತ್ತದೆ ಎಂದು ಹಲವರು ತಿಳಿದಿದ್ದಾರೆ. ಪಾಲು ಗಂಗಾವತಿಯಲ್ಲಿಯೂ ಕೇದಾರದಲ್ಲಿಯೂ ಶೇ 21ರ ಆಸುಪಾಸೇ. ಇಳಿಯುವುದು ಗಾಳಿಯ ಒತ್ತಡ. ಘಟ್ಟದ ದಾರಿಯಲ್ಲಿ ಚಿಪ್ಸ್ ಪೊಟ್ಟಣ ತಾನೇ ಉಬ್ಬಿಕೊಳ್ಳುವುದನ್ನು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ಸಮುದ್ರಮಟ್ಟದಲ್ಲಿ ಪಾದರಸದ 760 ಮಿಲಿಮೀಟರಿನಷ್ಟಿರುವ ಒತ್ತಡ, 400 ಮೀಟರಿನ ಸುಮಾರಿನಲ್ಲಿರುವ ನಮ್ಮ ಭತ್ತದ ಬಯಲಿನಲ್ಲಿ 725ರ ಹತ್ತಿರ ಇರುತ್ತದೆ, 3,583 ಮೀಟರ್ ಎತ್ತರದ ಕೇದಾರದಲ್ಲಿ 490ರಿಂದ 500ರ ನಡುವೆ ಬಂದು ನಿಲ್ಲುತ್ತದೆ. ಒಳಗೆ ಎಳೆದ ಗಾಳಿಯಲ್ಲಿ ಆವಿ ತೆಗೆದುಕೊಳ್ಳುವ ಪಾಲನ್ನು ಕಳೆದರೆ, ಆಮ್ಲಜನಕದ ಒತ್ತಡ ನಮ್ಮೂರಿನಲ್ಲಿ ಸುಮಾರು 142, ಅಲ್ಲಿ ಸುಮಾರು 94. ಪ್ರತಿ ಉಸಿರಿನಲ್ಲೂ ಮೂರರಲ್ಲಿ ಒಂದು ಪಾಲು ಖೋತಾ.

ಈ ಕೊರತೆಯನ್ನು ಕುತ್ತಿಗೆಯ ದೊಡ್ಡ ರಕ್ತನಾಳಗಳ ಬಳಿ ಇರುವ ಪುಟ್ಟ ಸಂವೇದಕಗಳು ಕೂಡಲೇ ಗುರುತಿಸಿ ಉಸಿರಾಟವನ್ನು ಹೆಚ್ಚಿಸುತ್ತವೆ. ಉಸಿರು ಹೆಚ್ಚಿದಷ್ಟೂ ಇಂಗಾಲದ ಡೈಆಕ್ಸೈಡ್ ಹೊರಹೋಗಿ, ಶ್ವಾಸಕೋಶದ ಗಾಳಿಗೂಡುಗಳಲ್ಲಿ ಆಮ್ಲಜನಕಕ್ಕೆ ಅಷ್ಟು ಜಾಗ ತೆರವಾಗುತ್ತದೆ. ಲೆಕ್ಕ ಹಾಕಿದರೆ, ಕೇದಾರದ ಎತ್ತರದಲ್ಲಿ ಒಬ್ಬರು ಊರಿನಲ್ಲಿ ಉಸಿರಾಡಿದಷ್ಟೇ ಉಸಿರಾಡಿದರೆ ಗಾಳಿಗೂಡಿನ ಆಮ್ಲಜನಕದ ಒತ್ತಡ 44ರ ಸುಮಾರಿಗೆ ಕುಸಿಯುತ್ತದೆ. ಉಸಿರನ್ನು ಸಾಕಷ್ಟು ಹೆಚ್ಚಿಸಿಕೊಂಡವರಲ್ಲಿ ಅದು 56ರ ಸುಮಾರಿನಲ್ಲಿ ನಿಲ್ಲುತ್ತದೆ. ಹನ್ನೆರಡು ಅಂಕಗಳ ಈ ಗಳಿಕೆ ಸಣ್ಣದೆಂದು ಕಂಡೀತು. ಆದರೆ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕವನ್ನು ಹಿಡಿದುಕೊಳ್ಳುವ ರೀತಿ ಬೆಟ್ಟದ ನೆತ್ತಿಯಂತಿದೆ. ಒತ್ತಡ 100ರಿಂದ 60ಕ್ಕೆ ಇಳಿಯುವವರೆಗೆ ನೆಲ ಹೆಚ್ಚುಕಡಿಮೆ ಸಪಾಟು, ಅಲ್ಲಿಂದ ಕೆಳಕ್ಕೆ ಕಡಿದಾದ ಇಳಿಜಾರು. ಆ ಇಳಿಜಾರಿನಲ್ಲಿ ಹನ್ನೆರಡು ಅಂಕ ಎಂದರೆ ಕುಳಿತು ಮಾತಾಡುವವರಿಗೂ ತೇಕುವವರಿಗೂ ಇರುವ ಅಂತರ.

ಹಳೆಯ ದೂಳು, ಹೊಗೆಯಿಂದ ಶ್ವಾಸನಾಳಗಳು ಕಿರಿದಾದವರು ಈ ಗಳಿಕೆಯನ್ನೇ ಕಳೆದುಕೊಳ್ಳುತ್ತಾರೆ. ಗಾಳಿ ಹೊರಹೋಗಲು ಹೊತ್ತು ಹಿಡಿಯುವುದರಿಂದ ಅವರು ಬೇಕೆಂದಷ್ಟು ಉಸಿರಾಟ ಹೆಚ್ಚಿಸಿಕೊಳ್ಳಲಾರರು. ನಮ್ಮೂರಿನ ಸಪಾಟು ನೆಲದಲ್ಲಿ 95 ಎಂಬ ಅಂಕ ಈ ದೌರ್ಬಲ್ಯವನ್ನು ಮುಚ್ಚಿಡುತ್ತದೆ. ಅಂಜನಾದ್ರಿಯ ಮೆಟ್ಟಿಲುಗಳೂ ಅಷ್ಟೇ. ಅವು ಕಾಲನ್ನೂ ಹೃದಯವನ್ನೂ ಪರೀಕ್ಷಿಸುತ್ತವೆ, ಆದರೆ ಗಾಳಿಯ ಒತ್ತಡ ತುದಿಯಲ್ಲಿಯೂ ಬುಡದಲ್ಲಿಯೂ ಹೆಚ್ಚು ಕಡಿಮೆ ಒಂದೇ.

ಹೊಂದಿಕೊಳ್ಳಲು ದೇಹಕ್ಕೆ ದಿನಗಳು ಬೇಕು. ಉಸಿರು ಹೆಚ್ಚಿದಾಗ ರಕ್ತ ಕ್ಷಾರದ ಕಡೆ ವಾಲಿ ಮಿದುಳು ಉಸಿರಿಗೆ ಲಗಾಮು ಹಾಕುತ್ತದೆ. ಮೂತ್ರಪಿಂಡಗಳು ಎರಡು ಮೂರು ದಿನಗಳಲ್ಲಿ ಆ ಕ್ಷಾರವನ್ನು ಹೊರಹಾಕಿದ ಮೇಲಷ್ಟೇ ಲಗಾಮು ಸಡಿಲವಾಗುತ್ತದೆ. ಅದಕ್ಕೆಂದೇ 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಅದೇ ಎತ್ತರದಲ್ಲಿ ಉಳಿಯಬೇಕು ಎಂಬ ಕಟ್ಟುಪಾಡು ಪರ್ವತ ವೈದ್ಯಕೀಯದಲ್ಲಿ ಬೆಳೆದುಬಂದಿದೆ.

ಏರಿದ ದಾರಿ

ತಂಡದವರು ರಾಯಚೂರಿನಿಂದ ರೈಲಿನಲ್ಲಿ ದೆಹಲಿಗೆ, ಅಲ್ಲಿಂದ ಹರಿದ್ವಾರಕ್ಕೆ ಹೋದರು. ಹರಿದ್ವಾರ 314 ಮೀಟರ್, ಅಂದರೆ ನಮ್ಮೂರಿಗಿಂತ ತಗ್ಗು. ಮರುದಿನ ಬಸ್ಸಿನಲ್ಲಿ ಗುಪ್ತಕಾಶಿ, ಸುಮಾರು 1,300 ಮೀಟರ್. ಮೂರನೆಯ ದಿನ ನಸುಕಿನಲ್ಲಿ ಎದ್ದು, ಸುಮಾರು 1,980 ಮೀಟರಿನ ಗೌರಿಕುಂಡದಿಂದ 16 ಕಿಲೋಮೀಟರ್ ನಡೆದು ಸಂಜೆಗೆ ಕೇದಾರ. ಹಿಂದಿನ ರಾತ್ರಿ ಮಲಗಿದ ಎತ್ತರಕ್ಕೂ ಆ ರಾತ್ರಿ ಮಲಗಿದ ಎತ್ತರಕ್ಕೂ 2,200 ಮೀಟರಿಗಿಂತ ಹೆಚ್ಚು ಅಂತರವಿತ್ತು. ಬಹುತೇಕ ತಂಡಗಳು ಹೀಗೆಯೇ ಹೋಗುತ್ತವೆ, ಬಹುತೇಕರು ಸುರಕ್ಷಿತವಾಗಿ ಮರಳುತ್ತಾರೆ ಕೂಡ. ಹೆಲಿಕಾಪ್ಟರಿನಲ್ಲಿ ಹೋಗುವವರು ಇದೇ ಅಂತರವನ್ನು ಕೆಲವೇ ನಿಮಿಷಗಳಲ್ಲಿ ಏರುತ್ತಾರೆ. ನಡೆಯುವ ಶ್ರಮ ತಪ್ಪಿತೆಂದು ಅದನ್ನು ಹೆಚ್ಚು ಸುರಕ್ಷಿತವೆಂದು ಭಾವಿಸುವವರನ್ನು ಕಂಡಾಗಲೆಲ್ಲ ನನಗೆ ಆತಂಕವಾಗುತ್ತದೆ.

ನಡಿಗೆಯ ದಾರಿಯಲ್ಲಿ ಸಿಗುವ ಲಿಂಚೋಲಿ ದಾಟಿದ ಮೇಲೆ ನಮ್ಮ ಯಾತ್ರಿಕರು ತಂಡದಿಂದ ಹಿಂದೆ ಬಿದ್ದರು. ಇಪ್ಪತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದರು. ಆ ರಾತ್ರಿ ತಲೆನೋವು, ನಿದ್ದೆಯಿಲ್ಲ. ಕಣ್ಣು ಹತ್ತಿದರೆ ಉಸಿರು ಒಂದು ಗಳಿಗೆ ನಿಂತು, ಮತ್ತೆ ಜೋರಾಗಿ ಎಳೆದು, ಬೆಚ್ಚಿ ಏಳುವುದು. ಎತ್ತರದಲ್ಲಿ ಇಂಥ ಏರಿಳಿತದ ಉಸಿರು ಆರೋಗ್ಯವಂತರಲ್ಲೂ ಸಾಮಾನ್ಯ. ಆದರೆ ತಂಡದ ಒಬ್ಬರು ಕನಿಕರದಿಂದ ತಮ್ಮ ನಿದ್ದೆ ಮಾತ್ರೆಯೊಂದನ್ನು ಕೊಟ್ಟರು. ಅಂಥ ಮಾತ್ರೆ ಉಸಿರಾಟವನ್ನು ಇನ್ನಷ್ಟು ತಗ್ಗಿಸಬಹುದು ಎಂದು ಅವರಿಗೆ ಗೊತ್ತಿರಲಿಲ್ಲ.

ಮರುದಿನ ನಸುಕಿನಲ್ಲಿ ಉಳಿದವರಿಗೆ ದರ್ಶನವಾಯಿತು. ಇವರು ಸರದಿಯಲ್ಲಿ ನಿಲ್ಲಲಾರದೆ ಕೋಣೆಗೆ ಮರಳಿದರು. ಇಲ್ಲಿಗೆ ಮೊದಲ ತಿರುವು ಬಂತು. ತಂಡ ಆ ಮಧ್ಯಾಹ್ನವೇ ಇಳಿಯಬೇಕಿತ್ತು. ಇಷ್ಟು ದೂರ ಬಂದು ಮುಖ ನೋಡದೆ ಹೋಗುವುದು ಬೇಡ, ಇಂದು ವಿಶ್ರಾಂತಿ ಪಡೆದು ನಾಳೆ ದರ್ಶನ ಮಾಡಿ ಇಳಿಯೋಣ ಎಂದು ಅವರೂ ಸೋದರಳಿಯನೂ ಹಿಂದುಳಿದರು, ಉಳಿದವರು ಹೊರಟರು. ಕೆಮ್ಮು ಹೆಚ್ಚಾಗಿತ್ತು, ಮೈ ತುಸು ಬೆಚ್ಚಗಿತ್ತು. "ನಂದು ಮಿಲ್ಲಿನ ಕೆಮ್ಮು, ಚಳಿಗೆ ಎದ್ದೈತಿ" ಎಂದು ಅವರೇ ಹೇಳಿದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಶುಂಠಿ ಚಹಾ, ಕೆಮ್ಮಿನ ಔಷಧ, ಚೀಲದಲ್ಲಿದ್ದ ಆ್ಯಂಟಿಬಯಾಟಿಕ್ ಮಾತ್ರೆ, ಬಟ್ಟೆಯಲ್ಲಿ ಕಟ್ಟಿದ ಕರ್ಪೂರ ಒಂದಾದ ಮೇಲೊಂದು ಬಂದವು. ಕರ್ಪೂರದ ವಾಸನೆ ಮೂಗಿನಲ್ಲಿ ತಂಪೆನಿಸಿ ಉಸಿರು ಸಲೀಸಾದಂತೆ ಭಾಸವಾಗುತ್ತದೆ, ರಕ್ತದ ಆಮ್ಲಜನಕವನ್ನು ಅದು ಏರಿಸುವುದಿಲ್ಲ. ಅಂಗಡಿಯಲ್ಲಿ ಕೊಂಡ ಸಣ್ಣ ಆಮ್ಲಜನಕದ ಡಬ್ಬಿ ಕೆಲವೇ ನಿಮಿಷಗಳಲ್ಲಿ ಬರಿದಾಯಿತು.

ಎರಡನೆಯ ರಾತ್ರಿ

ರಾತ್ರಿ 10.40ಕ್ಕೆ ಸೋದರಳಿಯ ನನಗೆ ಫೋನ್ ಮಾಡಿದ. "ಸಾಹೇಬ್ರ, ಮಾವಾರಿಗೆ ಭಾಳ ದಮ್ಮು ಹತ್ತೈತ್ರಿ. ಮಲಕ್ಕೊಳ್ಳಾಕ ಆಗವಲ್ದು, ಕುಂತಾನ ಅದಾರ. ಕೆಮ್ಮಿದ್ರ ನೊರಿ ಬರಾಕತ್ತೈತಿ."

ನನ್ನ ಮನಸ್ಸಿಗೆ ಮೊದಲು ಬಂದದ್ದು ಹಳೆಯ ಕೆಮ್ಮಿನ ಉಲ್ಬಣ, ಎರಡನೆಯದು ನ್ಯುಮೋನಿಯಾ. ಆಕ್ಸಿಮೀಟರ್ ಹಾಕಲು ಹೇಳಿದೆ, 61 ಬಂತು. ಚಳಿಯಲ್ಲಿ ಬೆರಳು ತಣ್ಣಗಾದರೆ ಈ ಯಂತ್ರ ತಪ್ಪು ತೋರಿಸುವುದುಂಟು. ಮೇಲಾಗಿ ಆ ಎತ್ತರದಲ್ಲಿ ಎಷ್ಟು ಇರಬೇಕೆಂಬ ಅಂದಾಜು ನಮ್ಮಂಥ ಬಯಲುಸೀಮೆಯ ವೈದ್ಯರ ಕೈಯಲ್ಲಿ ಇರುವುದಿಲ್ಲ. ಬೆರಳು ತಿಕ್ಕಿ ಬೆಚ್ಚಗೆ ಮಾಡಿ ಇನ್ನೊಮ್ಮೆ ನೋಡು, ಆಮೇಲೆ ನಿನ್ನ ಬೆರಳಿಗೂ ಹಾಕಿ ನೋಡು ಎಂದೆ. ಮಾವನದು 60, ಅಳಿಯನದು 86. ಒಂದೇ ಕೋಣೆ, ಒಂದೇ ಗಾಳಿ, ಒಂದೇ ಯಂತ್ರ, ಆದರೂ 26 ಅಂಕಗಳ ಅಂತರ. ಈ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸವೆಂದರೆ ಬಹುಶಃ ಇದೊಂದೇ. ಅಲ್ಲಿಂದ ಮುಂದೆ ಹಳೆಯ ಕೆಮ್ಮಿನ ಮಾತು ನಿಂತಿತು. ಫೋನನ್ನು ಮಾವನ ಬೆನ್ನಿನ ಹತ್ತಿರ ಹಿಡಿಯಲು ಹೇಳಿದಾಗ ಪ್ರತಿ ಉಸಿರಿನ ತುದಿಗೆ ಗುರುಗುರು ಸದ್ದು ನನಗೇ ಕೇಳಿಸಿತು.

ಎತ್ತರದಲ್ಲಿ ಶ್ವಾಸಕೋಶಕ್ಕೆ ನೀರು ತುಂಬುವ ಈ ಸ್ಥಿತಿಯನ್ನು ಬಹುಕಾಲ ನ್ಯುಮೋನಿಯಾ ಎಂದೋ ಹೃದಯದ ವೈಫಲ್ಯ ಎಂದೋ ತಿಳಿಯಲಾಗಿತ್ತು. ಅಮೆರಿಕದ ಚಾರ್ಲ್ಸ್ ಹೂಸ್ಟನ್ 1960ರಲ್ಲಿ ಇದನ್ನು ಬೇರೆಯೇ ಕಾಯಿಲೆಯೆಂದು ವರದಿ ಮಾಡಿದರು. 1962ರ ಯುದ್ಧದ ಕಾಲದಲ್ಲಿ ಬಯಲಿನಿಂದ ಏಕಾಏಕಿ ಹಿಮಾಲಯಕ್ಕೆ ಏರಿಸಲಾದ ಸೈನಿಕರಲ್ಲಿ ಇದನ್ನು ಕಂಡ ನಮ್ಮ ಸೇನಾ ವೈದ್ಯರು, ಇಂದರ್ ಸಿಂಗ್ ಮತ್ತು ಸಂಗಡಿಗರು, ಆ ದಶಕದಲ್ಲಿ ಬರೆದ ವರದಿಗಳು ಇಂದಿಗೂ ಈ ವಿಷಯದ ಅಡಿಗಲ್ಲು. ಆಮ್ಲಜನಕ ಕಡಿಮೆಯಾದಾಗ ಶ್ವಾಸಕೋಶದ ರಕ್ತನಾಳಗಳು ಬಿಗಿಯುತ್ತವೆ. ಕೆಲವರಲ್ಲಿ ಈ ಬಿಗಿತ ಅತಿಯಾಗಿ, ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಿಮೆ ಆಗುವುದರಿಂದ, ಬಿಗಿಯದ ಕಡೆಯ ಸಣ್ಣ ನಾಳಗಳ ಮೇಲೆ ರಕ್ತದ ಒತ್ತಡವೆಲ್ಲ ಬಿದ್ದು, ಗೋಡೆ ತಾಳದೆ ನೀರು ಗಾಳಿಗೂಡಿಗೆ ಸೋರುತ್ತದೆ. ಕಾಲುವೆಯ ಹತ್ತು ತೂಬುಗಳಲ್ಲಿ ಏಳನ್ನು ಮುಚ್ಚಿದರೆ ತೆರೆದ ಮೂರರ ಬದು ಒಡೆಯುವ ಹಾಗೆ. ಹೃದಯದ್ದು ಇಲ್ಲಿ ತಪ್ಪಿಲ್ಲ. ಚಳಿ ಮತ್ತು ಶ್ರಮ ಇದನ್ನು ಕೆರಳಿಸುತ್ತವೆ, ಸಾಮಾನ್ಯವಾಗಿ ಇದು ಕಾಣಿಸಿಕೊಳ್ಳುವುದೂ ಏರಿದ ಎರಡನೆಯ ರಾತ್ರಿಯಿಂದ ನಾಲ್ಕನೆಯ ದಿನದೊಳಗೆ. ಗಟ್ಟಿಮುಟ್ಟಾದ ಯುವಕರನ್ನೂ ಇದು ಬಿಡುವುದಿಲ್ಲ.

ಮುಖ್ಯ ಮದ್ದು ಒಂದೇ: ಕೆಳಗಿಳಿಯುವುದು, ಅಲ್ಲಿಯವರೆಗೆ ಆಮ್ಲಜನಕ. ಬೆಳಗಿನ ದರ್ಶನದ ಆಸೆ ಯಾತ್ರಿಕರಿಗೆ ಆಗಲೂ ಇತ್ತು. "ಬೆಳಕು ಹರಿಯೂತನ ತಡೀರಿ, ಬಾಗಲ ತೆಗೀಲಿ" ಎಂದು ಅವರು ತೇಕುತ್ತಲೇ ಹೇಳಿದ್ದು ನನಗೆ ಕೇಳಿಸಿತು. ನಾನು ಅವರೊಡನೆ ವಾದಿಸಲಿಲ್ಲ. ಅಳಿಯನಿಗೆ, ಮಾವನನ್ನು ಒಂದು ಹೆಜ್ಜೆಯೂ ನಡೆಸದೆ ಹೊತ್ತುಕೊಂಡು ಅಲ್ಲಿನ ವೈದ್ಯಕೀಯ ಕೇಂದ್ರಕ್ಕೆ ಈಗಲೇ ಒಯ್ಯಬೇಕೆಂದು ಹೇಳಿದೆ. ಛತ್ರದ ಇಬ್ಬರು ಹುಡುಗರು ಕುರ್ಚಿ ಸಮೇತ ಎತ್ತಿದರು.

ಅಲ್ಲಿನ ವೈದ್ಯರು ಅನುಭವಿಗಳು. ನಾನು ಫೋನಿನಲ್ಲಿ ಹೇಳುವ ಮುನ್ನವೇ ಮುಖಕ್ಕೆ ಮಾಸ್ಕ್ ಹಾಕಿ ಆಮ್ಲಜನಕ ಕೊಟ್ಟಿದ್ದರು, ಶ್ವಾಸಕೋಶದ ನಾಳಗಳ ಬಿಗಿತ ಸಡಿಲಿಸಲು ನಿಧಾನವಾಗಿ ಕರಗುವ ನಿಫೆಡಿಪಿನ್ ಮಾತ್ರೆ ನುಂಗಿಸಿದ್ದರು. ಮೂತ್ರ ಹೆಚ್ಚಿಸುವ ಇಂಜೆಕ್ಷನ್ ಕೊಡಬಹುದೇ ಎಂದು ನಾನು ಕೇಳಿದೆ. ನೀರು ತುಂಬಿದ ಶ್ವಾಸಕೋಶ ಎಂದೊಡನೆ ನಮ್ಮ ಕೈ ಅತ್ತ ಹೋಗುವುದು ಅಭ್ಯಾಸ. ಅವರು ಬೇಡವೆಂದರು. ಎತ್ತರದಲ್ಲಿ ಬಳಲಿ ಬಂದವರ ದೇಹದಲ್ಲಿ ನೀರು ಮೊದಲೇ ಕಡಿಮೆ, ಅದನ್ನು ಇನ್ನೂ ಹಿಂಡಿದರೆ ರಕ್ತದೊತ್ತಡ ಕುಸಿಯುತ್ತದೆ. ಆ ರಾತ್ರಿ ನಾನು ಕಲಿತ ಪಾಠವಿದು.

ಮಳೆ ಹನಿಯುತ್ತಿದ್ದುದರಿಂದ ಕತ್ತಲಲ್ಲಿ ಇಳಿಸುವಂತಿರಲಿಲ್ಲ. ಆಮ್ಲಜನಕದ ಮೇಲೆ ಅಂಕ ಒಂದು ಗಂಟೆಗೆ 84 ತಲುಪಿ, ಬೆಳಗಿನ ಜಾವ 88 ಆಯಿತು. ಬೆಳಕು ಹರಿದಾಗ ಎರಡನೆಯ ತಿರುವು: ಇಷ್ಟು ಸುಧಾರಿಸಿದೆಯಲ್ಲ, ಗುಡಿ ಹತ್ತಿರವೇ ಇದೆ, ಕುರ್ಚಿಯಲ್ಲೇ ಒಯ್ದು ಬಂದರಾಗದೇ ಎಂದು ಅಳಿಯನೇ ಕೇಳಿದ. ಸಿಲಿಂಡರಿನ ಅಂಕವನ್ನು ದೇಹದ ಅಂಕವೆಂದು ತಿಳಿಯುವ ಅಪಾಯ ಇಲ್ಲಿತ್ತು. ಅಲ್ಲಿನ ವೈದ್ಯರು ಎರಡು ನಿಮಿಷ ಮಾಸ್ಕ್ ತೆಗೆದು ತೋರಿಸಿದರು. ಅಂಕ 70ರ ಕೆಳಗೆ ಜಾರಿತು. ಯಾತ್ರಿಕರು ತಾವೇ ಅದನ್ನು ನೋಡಿ, ಇದ್ದಲ್ಲಿಂದಲೇ ಗುಡಿಯ ಶಿಖರಕ್ಕೆ ಕೈಮುಗಿದು, ಇಳಿಯಲು ಒಪ್ಪಿದರು. ನಾಲ್ವರು ಹೊರುವ ಡೋಲಿಯಲ್ಲಿ ಸಿಲಿಂಡರ್ ಸಮೇತ ಇಳಿಸಿದರು. ಅಳಿಯ ಪಂಚಾಂಗದ ಹಿಂಬದಿಯಲ್ಲಿ ಗಂಟೆಗೊಮ್ಮೆ ಅಂಕ ಬರೆದಿಟ್ಟಿದ್ದಾನೆ. ಸಿಲಿಂಡರಿನ ಹರಿವು ಬದಲಾಗದಿದ್ದರೂ ಲಿಂಚೋಲಿಯಲ್ಲಿ 91, ಭೀಮ್‌ಬಲಿಯಲ್ಲಿ 94, ಗೌರಿಕುಂಡದಲ್ಲಿ ಮಾಸ್ಕ್ ಇಲ್ಲದೆ 90.

ಇಳಿದ ಮೇಲೆ

ಕೆಳಗಿನ ಆಸ್ಪತ್ರೆಯ ಎಕ್ಸ್‌ರೇಯಲ್ಲಿ ಬಲಗಡೆ ಹೆಚ್ಚಾಗಿ, ಅಲ್ಲಲ್ಲಿ ಹತ್ತಿ ಇಟ್ಟಂಥ ಬಿಳಿ ಮಚ್ಚೆಗಳಿದ್ದವು, ಹೃದಯದ ಗಾತ್ರ ಸರಿಯಾಗಿತ್ತು. ಮೂರನೆಯ ದಿನದ ಎಕ್ಸ್‌ರೇಯಲ್ಲಿ ಮಚ್ಚೆಗಳು ಬಹುಪಾಲು ಕರಗಿದ್ದವು. ನ್ಯುಮೋನಿಯಾ ಇಷ್ಟು ಬೇಗ ತಿಳಿಯಾಗುವುದಿಲ್ಲ. ಊರಿಗೆ ಬಂದ ಮೂರು ವಾರಕ್ಕೆ ನಾನು ಮೊದಲೇ ಮಾಡಬೇಕಿದ್ದ ಸ್ಪೈರೋಮೆಟ್ರಿ, ಅಂದರೆ ಕೊಳವೆಯಲ್ಲಿ ಊದಿಸಿ ಉಸಿರಿನ ಹರಿವನ್ನು ಅಳೆಯುವ ಪರೀಕ್ಷೆ, ಮಾಡಿಸಿದೆ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಪೂರ್ತಿ ಊದಿದ ಗಾಳಿಯಲ್ಲಿ ಮೊದಲ ಸೆಕೆಂಡಿಗೆ ಹೊರಬಂದ ಪಾಲು 0.61. ಇದು 0.70ಕ್ಕಿಂತ ಕಡಿಮೆಯಿದ್ದರೆ ನಾಳಗಳು ಶಾಶ್ವತವಾಗಿ ಕಿರಿದಾಗಿವೆ ಎಂದರ್ಥ. ಅಂದರೆ ಅವರ ಮಿಲ್ಲಿನ ಕೆಮ್ಮಿಗೆ ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಎಂಬ ಹೆಸರು ಹತ್ತು ವರ್ಷದ ಹಿಂದೆಯೇ ಬರಬೇಕಿತ್ತು. ಶ್ವಾಸಕೋಶಕ್ಕೆ ನೀರು ತುಂಬಲು ಇದೇ ಕಾರಣವೆಂದು ನಾನು ಹೇಳಲಾರೆ, ಏಕೆಂದರೆ ಅದಕ್ಕೆ ಒಲವಿರುವವರಲ್ಲಿ ಶ್ವಾಸಕೋಶ ಶುದ್ಧವಿದ್ದರೂ ತುಂಬುತ್ತದೆ. ಆದರೆ ಆಮ್ಲಜನಕ ಅಷ್ಟು ಕೆಳಗೆ ಇಳಿಯಲು, ಹೊಸ ಕೆಮ್ಮು ಒಂದು ಹಗಲಿಡೀ ಹಳೆಯ ಕೆಮ್ಮಿನ ಮರೆಯಲ್ಲಿ ಅಡಗಲು ಇದು ಕಾರಣವಾಯಿತು.

ಈಗ ಅವರು ಇನ್‌ಹೇಲರ್ ಬಳಸುತ್ತಿದ್ದಾರೆ, ಭತ್ತ ಸುರಿಯುವ ಜಾಗ ಬಿಟ್ಟು ತೂಕದ ಕಟ್ಟೆಗೆ ಬದಲಾಗಿದ್ದಾರೆ. ಮತ್ತೆ ಕೇದಾರಕ್ಕೆ ಹೋಗಬಹುದೇ ಎಂದು ಎರಡು ಬಾರಿ ಕೇಳಿದ್ದಾರೆ. ಒಮ್ಮೆ ಹೀಗಾದವರಿಗೆ ಅದೇ ವೇಗದಲ್ಲಿ ಏರಿದರೆ ಮರುಕಳಿಸುವ ಸಾಧ್ಯತೆ ಹೆಚ್ಚು, ನಾಳಗಳೂ ಕಿರಿದಾಗಿವೆ, ಆದ್ದರಿಂದ ಬೇಡವೆಂದಿದ್ದೇನೆ. ಶ್ರೀಶೈಲಕ್ಕೆ ಅಡ್ಡಿಯಿಲ್ಲ ಎಂದೆ. ಅದು ನಮ್ಮೂರಿನ ಎತ್ತರದ ಆಸುಪಾಸಿನಲ್ಲೇ ಇದೆ.

ಮರುವರ್ಷ ಅದೇ ಮಿಲ್ಲಿನಿಂದ ಒಂಬತ್ತು ಮಂದಿ ಚೀಟಿಗಾಗಿ ಬಂದರು. ಮೊದಲು ವೇಳಾಪಟ್ಟಿ ಕೇಳಿದೆ, ಗುಪ್ತಕಾಶಿಯಿಂದ ಒಂದೇ ದಿನದಲ್ಲಿ ಏರುವುದನ್ನು ಹೊಡೆದುಹಾಕಿ, ಗೌರಿಕುಂಡದಲ್ಲಿ ಒಂದು ರಾತ್ರಿ, ದಾರಿಯಲ್ಲಿ ಒಂದು ರಾತ್ರಿ ಸೇರಿಸಿದೆ. ಸಲ್ಫಾ ಔಷಧದ ಅಲರ್ಜಿ ಇಲ್ಲದವರಿಗೆ, ಮೂತ್ರಪಿಂಡಗಳು ಕ್ಷಾರವನ್ನು ಬೇಗ ಹೊರಹಾಕಲು ನೆರವಾಗುವ ಅಸೆಟಜೋಲಮೈಡ್ ಅನ್ನು 125 ಮಿಲಿಗ್ರಾಂನಂತೆ ದಿನಕ್ಕೆ ಎರಡು ಸಲ, ಏರುವ ಹಿಂದಿನ ದಿನದಿಂದ ಬರೆದುಕೊಟ್ಟೆ. ಎಲ್ಲರಿಗೂ ಊದಿಸಿ ನೋಡಿದೆ. ಅವರನ್ನೆಲ್ಲ ಕರೆತಂದವರು ಇದೇ ಯಾತ್ರಿಕರು. ನನ್ನ ಪ್ರಶ್ನೆಗೆ ಒಬ್ಬ ಹುಡುಗ ಕೆಮ್ಮಿಲ್ಲ ಎಂದಾಗ ಬಾಗಿಲ ಬಳಿ ಕುಳಿತಿದ್ದ ಅವರು ಎದ್ದು ಬಂದು, ಅವನ ಹೆಗಲ ಮೇಲೆ ಕೈಯಿಟ್ಟು, "ಮುಂಜಾನೆ ಎದ್ದ ಕೂಡ್ಲೆ ಕೆಮ್ಮತಿ ನೋಡು ತಮ್ಮಾ, ಅದನ್ನ ಸಾಹೇಬ್ರ ಮುಂದ ಹೇಳು" ಎಂದರು.